ನೀರಿನ ಅಣುವಿನಿಂದ ಜೀವಕೋಶದವರೆಗೆ: ಶಾಲಾ ವಿಜ್ಞಾನದ ಒಂದು ಮರುಓದು

ಶಾಲೆ ಬಿಟ್ಟು ಹತ್ತು ಹದಿನೈದು ವರ್ಷಗಳಾದ ಮೇಲೆ ವಿಜ್ಞಾನದ ಪಾಠಗಳು ಮತ್ತೆ ಎದುರಾಗುವ ಸಂದರ್ಭಗಳು ಹೆಚ್ಚೇನಿಲ್ಲ. ಶುಶ್ರೂಷೆ, ಪ್ರಯೋಗಾಲಯ ತಂತ್ರಜ್ಞಾನ, ಔಷಧ ವಿಜ್ಞಾನದಂತಹ ಕೋರ್ಸಿಗೆ ಸೇರಲು ಹೊರಟಾಗ ಒಮ್ಮೆ, ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಇನ್ನೊಮ್ಮೆ. ವರದಿಯಲ್ಲಿ ಸೋಡಿಯಂ 140, ಪೊಟ್ಯಾಸಿಯಂ 4.2 ಎಂದು ಮುದ್ರಿತವಾಗಿರುತ್ತದೆ. ಪಕ್ಕದಲ್ಲಿ ‘ಮಿಲಿಮೋಲ್ ಪ್ರತಿ ಲೀಟರಿಗೆ’ ಎಂಬ ಮಾನವಿರುತ್ತದೆ. ಕೆಲವೊಮ್ಮೆ ಅದರ ಕೆಳಗೆ, ಮಾದರಿಯಲ್ಲಿ ಕೆಂಪು ರಕ್ತಕಣಗಳು ಒಡೆದಿರುವುದರಿಂದ ಪೊಟ್ಯಾಸಿಯಂ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು ಎಂಬ ಟಿಪ್ಪಣಿಯೂ ಇರುತ್ತದೆ. ಮೋಲ್ ಎಂದರೇನು? ರಕ್ತಕಣ ಒಡೆದರೆ ಸೋಡಿಯಂನ ಲೆಕ್ಕ ಹಾಗೇ ಉಳಿದು ಪೊಟ್ಯಾಸಿಯಂನ ಲೆಕ್ಕ ಮಾತ್ರ ಏಕೆ ಕೆಡಬೇಕು?

ಈ ಪ್ರಶ್ನೆಗಳಿಗೆ ಬೇಕಾದ ಉತ್ತರಗಳೆಲ್ಲ ಶಾಲಾ ಪಠ್ಯಗಳಲ್ಲೇ ಇವೆ, ಆದರೆ ಎರಡು ಪುಸ್ತಕಗಳಲ್ಲಿ ಹಂಚಿಹೋಗಿವೆ. ರಸಾಯನಶಾಸ್ತ್ರ ಒಂದು ಕಡೆ, ಜೀವಶಾಸ್ತ್ರ ಇನ್ನೊಂದು ಕಡೆ ಎಂದು ಕಲಿತವರಿಗೆ ಕೋಶಪೊರೆಯ ಚಿತ್ರ ನೆನಪಿರುತ್ತದೆ, ಅದು ಹಾಗೇಕಿದೆ ಎಂಬುದು ನೆನಪಿರುವುದಿಲ್ಲ. ಸಹವೇಲೆನ್ಸಿಯ ಬಂಧದ ವ್ಯಾಖ್ಯೆ ಬಾಯಿಗೆ ಬರುತ್ತದೆ, ಅದರ ಉಪಯೋಗ ತಿಳಿದಿರುವುದಿಲ್ಲ. ಮರುಓದುವಾಗ ಎರಡನ್ನೂ ಒಂದೇ ಎಳೆಯಲ್ಲಿ ಹಿಡಿದರೆ ಬಾಯಿಪಾಠ ಮಾಡಬೇಕಾದ ಭಾಗ ಬಹಳಷ್ಟು ತಗ್ಗುತ್ತದೆ. ಆ ಎಳೆಯನ್ನು ನೀರಿನ ಅಣುವಿನಲ್ಲಿ ಹುಡುಕುವುದು ಅತ್ಯಂತ ಸುಲಭವೆಂಬುದು ಈ ಲೇಖಕನ ಅನುಭವ.

ಪರಮಾಣುವಿನಲ್ಲಿ ಗಮನಿಸಬೇಕಾದದ್ದು ಹೊರಕವಚ

ಒಂದೇ ಬಗೆಯ ಪರಮಾಣುಗಳಿಂದಾದ ವಸ್ತು ಧಾತು. ಪರಮಾಣುಗಳು ಬಂಧದಿಂದ ಕೂಡಿಕೊಂಡಾಗ ಆಗುವುದು ಅಣು. ಬೇರೆ ಬೇರೆ ಧಾತುಗಳು ನಿಶ್ಚಿತ ಅನುಪಾತದಲ್ಲಿ ರಾಸಾಯನಿಕವಾಗಿ ಕೂಡಿದರೆ ಅದು ಸಂಯುಕ್ತ. ಪರಮಾಣುವಿನ ನಡುವೆ ಧನ ಆವೇಶದ ಪ್ರೋಟಾನುಗಳೂ ಆವೇಶವಿಲ್ಲದ ನ್ಯೂಟ್ರಾನುಗಳೂ ಸೇರಿದ ಬೀಜಕೇಂದ್ರವಿದೆ; ಅದರ ಸುತ್ತ ಋಣ ಆವೇಶದ ಎಲೆಕ್ಟ್ರಾನುಗಳಿವೆ. ಪ್ರೋಟಾನುಗಳ ಸಂಖ್ಯೆಯೇ ಧಾತುವಿನ ಗುರುತು: 6 ಇದ್ದರೆ ಕಾರ್ಬನ್, 8 ಇದ್ದರೆ ಆಕ್ಸಿಜನ್, 11 ಇದ್ದರೆ ಸೋಡಿಯಂ.

ಪರಮಾಣುವಿನ ರಾಸಾಯನಿಕ ನಡತೆಯನ್ನು ನಿರ್ಧರಿಸುವುದು ಅದರ ಹೊರಕವಚದಲ್ಲಿರುವ ಎಲೆಕ್ಟ್ರಾನುಗಳು. ಒಳಗಿನ ಕವಚದಲ್ಲಿ 2 ಎಲೆಕ್ಟ್ರಾನುಗಳಿಗೆ, ಎರಡನೆಯದರಲ್ಲಿ 8ಕ್ಕೆ ಜಾಗವಿದೆ. ಸೋಡಿಯಂನ 11 ಎಲೆಕ್ಟ್ರಾನುಗಳು 2, 8, 1 ಎಂದು ಹಂಚಿಕೊಂಡಿವೆ. ಕ್ಲೋರಿನ್‌ನ 17 ಎಲೆಕ್ಟ್ರಾನುಗಳು 2, 8, 7 ಎಂದು. ಸೋಡಿಯಂಗೆ ಹೊರಗಿನ ಒಂದನ್ನು ಕಳೆದುಕೊಳ್ಳುವುದು ಸುಲಭ, ಕ್ಲೋರಿನ್‌ಗೆ ಕೊರತೆಯಿರುವ ಒಂದನ್ನು ಪಡೆಯುವುದು ಸುಲಭ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಧನ ಅಯಾನು, ಅಂದರೆ ಧನ ಆವೇಶ ಹೊತ್ತ ಕಣ ಆಗುತ್ತದೆ, ಪಡೆದ ಕ್ಲೋರಿನ್ ಋಣ ಅಯಾನು ಆಗುತ್ತದೆ. ವಿರುದ್ಧ ಆವೇಶಗಳ ಈ ಸೆಳೆತವೇ ಅಯಾನಿಕ ಬಂಧ, ಮತ್ತು ಹೀಗೆ ಸಾಲುಗಟ್ಟಿ ನಿಂತ ಅಯಾನುಗಳ ಹರಳೇ ಉಪ್ಪು. ರಕ್ತದ ವರದಿಯಲ್ಲಿ ಸೋಡಿಯಂ ಎಂದು ಬರೆದಿರುವುದು ಈ ಅಯಾನನ್ನೇ ಹೊರತು ನೀರು ತಾಗಿದರೆ ಉರಿಯುವ ಲೋಹವನ್ನಲ್ಲ.

ಎಲೆಕ್ಟ್ರಾನ್ ಕಳೆದುಕೊಳ್ಳುವುದಕ್ಕೆ ಉತ್ಕರ್ಷಣ ಎಂದೂ ಪಡೆಯುವುದಕ್ಕೆ ಅಪಕರ್ಷಣ ಎಂದೂ ಹೆಸರು. ಒಂದು ಕಳೆದುಕೊಂಡದ್ದನ್ನು ಇನ್ನೊಂದು ಪಡೆಯಲೇಬೇಕಾದ್ದರಿಂದ ಇವೆರಡೂ ಯಾವಾಗಲೂ ಜೊತೆಯಾಗಿಯೇ ನಡೆಯುತ್ತವೆ.

ಅಸಮವಾಗಿ ಹಂಚಿಕೊಂಡ ಎಲೆಕ್ಟ್ರಾನುಗಳು

ಎಲ್ಲ ಪರಮಾಣುಗಳೂ ಹೀಗೆ ಪೂರ್ತಿ ಕೊಟ್ಟು ಪೂರ್ತಿ ಪಡೆಯುವುದಿಲ್ಲ. ಎರಡು ಪರಮಾಣುಗಳು ಎಲೆಕ್ಟ್ರಾನುಗಳ ಜೋಡಿಯೊಂದನ್ನು ನಡುವೆ ಇಟ್ಟುಕೊಂಡು ಹಂಚಿಕೊಂಡರೆ ಅದು ಸಹವೇಲೆನ್ಸಿಯ ಬಂಧ. ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್ ಎರಡು ಹೈಡ್ರೋಜನ್‌ಗಳೊಡನೆ ಹೀಗೆ ಹಂಚಿಕೊಂಡಿದೆ. ಆದರೆ ಈ ಹಂಚಿಕೆ ಸಮಪಾಲಲ್ಲ. ಇಬ್ಬರು ಒಂದೇ ಕಂಬಳಿ ಹೊದ್ದು ಮಲಗಿದಾಗ ಬಲವಿದ್ದವನು ಅದನ್ನು ತನ್ನತ್ತ ಎಳೆದುಕೊಳ್ಳುವ ಹಾಗೆ, ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಹೆಚ್ಚು ಸೆಳೆದುಕೊಳ್ಳುತ್ತದೆ. ಹೀಗಾಗಿ ಆಕ್ಸಿಜನ್ ಇರುವ ಬದಿಯಲ್ಲಿ ಅಲ್ಪ ಋಣ ಆವೇಶವೂ ಹೈಡ್ರೋಜನ್‌ಗಳ ಬದಿಯಲ್ಲಿ ಅಲ್ಪ ಧನ ಆವೇಶವೂ ಏರ್ಪಡುತ್ತದೆ.

ಅಣುವಿನ ಆಕಾರವೂ ಇಲ್ಲಿ ಮುಖ್ಯ. ಮೂರು ಪರಮಾಣುಗಳು ನೆಟ್ಟಗೆ ಒಂದು ಗೆರೆಯಲ್ಲಿ ಇದ್ದಿದ್ದರೆ ಎರಡು ಕಡೆಯ ಸೆಳೆತಗಳು ಒಂದನ್ನೊಂದು ರದ್ದುಮಾಡುತ್ತಿದ್ದವು. ಇಂಗಾಲದ ಡೈಆಕ್ಸೈಡಿನಲ್ಲಿ ಆಗುವುದು ಅದೇ. ನೀರಿನ ಅಣುವಾದರೋ ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಆದ್ದರಿಂದ ಅದಕ್ಕೆ ಒಂದು ಧನ ಬದಿ, ಒಂದು ಋಣ ಬದಿ ಉಳಿದುಕೊಂಡಿವೆ. ಇಂತಹ ಅಣುವನ್ನು ಧ್ರುವೀಯ ಅಣು ಎನ್ನುತ್ತಾರೆ. ಒಂದು ನೀರಿನ ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್‌ಗೆ ಆಕರ್ಷಿತವಾಗುವುದೇ ಹೈಡ್ರೋಜನ್ ಬಂಧ. ಬಿಡಿಯಾಗಿ ನೋಡಿದರೆ ಇದು ದುರ್ಬಲ. ದ್ರವರೂಪದ ನೀರಿನಲ್ಲಿ ಕ್ಷಣಕ್ಷಣವೂ ಮುರಿದು ಮತ್ತೆ ಕೂಡುತ್ತಿರುತ್ತದೆ. ಆದರೆ ಇವುಗಳ ಸಂಖ್ಯೆ ಅಪಾರವಾದ್ದರಿಂದ ನೀರು ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಆವಿಯಾಗಲು ಬಹಳ ಶಾಖ ಬೇಡುತ್ತದೆ.

ಉಪ್ಪು ನೀರಿನಲ್ಲಿ ಕರಗುವುದೂ ಎಣ್ಣೆ ಕರಗದಿರುವುದೂ ಈ ಒಂದೇ ಕಾರಣದಿಂದ. ಸೋಡಿಯಂ ಅಯಾನನ್ನು ನೀರಿನ ಋಣ ಬದಿಗಳು ಸುತ್ತುವರಿಯುತ್ತವೆ, ಕ್ಲೋರೈಡ್ ಅಯಾನನ್ನು ಧನ ಬದಿಗಳು ಸುತ್ತುವರಿಯುತ್ತವೆ, ಹರಳು ಬಿಡಿಬಿಡಿಯಾಗುತ್ತದೆ. ಎಣ್ಣೆಯಲ್ಲಿರುವ ಕಾರ್ಬನ್, ಹೈಡ್ರೋಜನ್ ಸರಪಳಿಯಲ್ಲಿ ಎಲೆಕ್ಟ್ರಾನುಗಳ ಹಂಚಿಕೆ ಹೆಚ್ಚುಕಡಿಮೆ ಸಮನಾಗಿದೆ, ನೀರಿಗೆ ಹಿಡಿದುಕೊಳ್ಳಲು ಅಲ್ಲಿ ಆವೇಶವೇ ಇಲ್ಲ. ನೀರಿನ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಾ ಹೋದಂತೆ ಎಣ್ಣೆ ಒಂದು ಬದಿಗೆ ಒತ್ತರಿಸಲ್ಪಡುತ್ತದೆ. ಈ ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಕೋಶಪೊರೆಯ ಪಾಠದ ಅರ್ಧ ಮುಗಿದ ಹಾಗೆ.

ಮೋಲ್: ಎಣಿಕೆಗೊಂದು ಕಟ್ಟು

ಮೋಲ್ ಎಂಬ ಮಾತಿಗೆ ಹೆದರುವವರು ಬಹಳ. ಹನ್ನೆರಡಕ್ಕೆ ಡಜನ್ ಎನ್ನುವ ಹಾಗೆ ಇದೂ ಒಂದು ಎಣಿಕೆಯ ಕಟ್ಟು, ಅಷ್ಟೆ. ಕಟ್ಟಿನ ಗಾತ್ರ ಮಾತ್ರ ದೊಡ್ಡದು: 6.022 ಎಂಬ ಸಂಖ್ಯೆಯನ್ನು 10ರ 23ನೆಯ ಘಾತದಿಂದ ಗುಣಿಸಿದಷ್ಟು. ಅಷ್ಟು ಕಣಗಳನ್ನು ಒಂದೊಂದಾಗಿ ಎಣಿಸಲು ಸಾಧ್ಯವಿಲ್ಲ, ಆದರೆ ತೂಗಬಹುದು. ನೀರಿನ ಅಣುರಾಶಿ 18 ಆದ್ದರಿಂದ 18 ಗ್ರಾಂ ನೀರು ಎಂದರೆ ಒಂದು ಮೋಲ್ ನೀರು; ಗ್ಲೂಕೋಸಿನದು 180 ಆದ್ದರಿಂದ 180 ಗ್ರಾಂ ಗ್ಲೂಕೋಸ್ ಎಂದರೆ ಒಂದು ಮೋಲ್ ಗ್ಲೂಕೋಸ್.

ತೂಕ ಬಿಟ್ಟು ಎಣಿಕೆಯನ್ನೇ ಏಕೆ ಕೇಳಬೇಕು ಎಂದರೆ, ಅಣುಗಳು ಕೂಡುವುದು, ಬಂಧ ಬೆಳೆಸುವುದು, ಪೊರೆ ದಾಟುವುದು ಎಲ್ಲವೂ ಒಂದಕ್ಕೆ ಒಂದು, ಮೂರಕ್ಕೆ ಎರಡು ಎಂಬ ಲೆಕ್ಕದಲ್ಲಿ. ಸೋಡಿಯಂನ ಪರಮಾಣುರಾಶಿ 23. ಮೋಲಿನ ಸಾವಿರದಲ್ಲಿ ಒಂದು ಪಾಲು ಮಿಲಿಮೋಲ್. ಹಾಗಾಗಿ ಲೀಟರಿಗೆ 140 ಮಿಲಿಮೋಲ್ ಎಂದರೆ ಲೀಟರಿಗೆ ಸುಮಾರು 3.2 ಗ್ರಾಂ ಸೋಡಿಯಂ. ಪೊಟ್ಯಾಸಿಯಂನ ಪರಮಾಣುರಾಶಿ 39. ಲೀಟರಿಗೆ 4.2 ಮಿಲಿಮೋಲ್ ಎಂದರೆ ಸುಮಾರು 164 ಮಿಲಿಗ್ರಾಂ ಮಾತ್ರ. ಕ್ಯಾಲ್ಕುಲೇಟರ್ ಹಿಡಿದು ಇಂತಹ ನಾಲ್ಕು ಲೆಕ್ಕ ಮಾಡಿದವರಿಗೆ ಮೋಲ್ ಮತ್ತೆ ತೊಡಕಾಗುವುದಿಲ್ಲ. ವ್ಯಾಖ್ಯೆಯನ್ನು ಹತ್ತು ಸಲ ಓದಿದರೂ ಆ ಸಲಿಗೆ ಬರುವುದಿಲ್ಲ.

ಪಿಎಚ್ ಎಂಬ ತಲೆಕೆಳಗಾದ ಅಳತೆ

ನೀರಿನಲ್ಲಿ ಹೈಡ್ರೋಜನ್ ಅಯಾನುಗಳನ್ನು ಬಿಡುಗಡೆ ಮಾಡುವ ವಸ್ತು ಆಮ್ಲ, ಅವುಗಳನ್ನು ತನ್ನತ್ತ ಸೆಳೆದುಕೊಳ್ಳುವ ವಸ್ತು ಪ್ರತ್ಯಾಮ್ಲ. ಈ ಅಯಾನುಗಳ ಸಾಂದ್ರತೆಯನ್ನು ಹೇಳಲು 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ಸೆನ್ ಪಿಎಚ್ ಮಾನವನ್ನು ರೂಪಿಸಿದರು. ಅದರಲ್ಲಿ ಎರಡು ಕಡೆ ಎಡವುವುದು ಸಹಜ. ಪಿಎಚ್ ಇಳಿದಷ್ಟೂ ಆಮ್ಲೀಯತೆ ಏರುತ್ತದೆ ಎಂಬುದು ಒಂದು. ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟು ಹೆಚ್ಚುತ್ತವೆ ಎಂಬುದು ಇನ್ನೊಂದು. ಪಿಎಚ್ 7 ಇರುವ ದ್ರಾವಣಕ್ಕಿಂತ ಪಿಎಚ್ 5 ಇರುವ ದ್ರಾವಣದಲ್ಲಿ ಅವು ನೂರು ಪಟ್ಟು ಹೆಚ್ಚಿರುತ್ತವೆ.

ಅಪಧಮನಿಯ ರಕ್ತದ ಪಿಎಚ್ ಸಾಮಾನ್ಯವಾಗಿ 7.35ರಿಂದ 7.45ರ ನಡುವೆ ಇರುತ್ತದೆ. 7.4 ಎಂದರೆ ಲೀಟರಿಗೆ ಸುಮಾರು 40 ನ್ಯಾನೋಮೋಲ್ (ನ್ಯಾನೋಮೋಲ್ ಎಂದರೆ ಮೋಲಿನ ನೂರು ಕೋಟಿಯಲ್ಲಿ ಒಂದು ಪಾಲು) ಹೈಡ್ರೋಜನ್ ಅಯಾನು, ಅಂದರೆ ಅದೇ ರಕ್ತದ ಸೋಡಿಯಂ ಅಯಾನುಗಳ 35 ಲಕ್ಷದಲ್ಲಿ ಒಂದು ಪಾಲು. ಇಷ್ಟು ಅಲ್ಪವಾದದ್ದನ್ನು ದೇಹ ಇಷ್ಟು ಬಿಗಿಯಾಗಿ ಕಾಯುವುದೇಕೆಂದರೆ, ಪ್ರೋಟೀನುಗಳು ತಮ್ಮ ಆಕಾರವನ್ನು ಉಳಿಸಿಕೊಳ್ಳುವುದು ಆವೇಶಗಳ ಸೆಳೆತದಿಂದ. ಹೈಡ್ರೋಜನ್ ಅಯಾನುಗಳು ಹೆಚ್ಚಾಗಿ ಬಂದು ಅಂಟಿದರೆ ಆ ಆವೇಶಗಳು ಬದಲಾಗಿ, ಪ್ರೋಟೀನಿನ ಮಡಿಕೆ ಸಡಿಲಗೊಂಡು, ಅದರ ಕೆಲಸ ಕೆಡುತ್ತದೆ. ರಕ್ತದಲ್ಲಿರುವ ಬೈಕಾರ್ಬೊನೇಟ್ ಹೆಚ್ಚಾದ ಹೈಡ್ರೋಜನ್ ಅಯಾನುಗಳನ್ನು ಹೀರಿಕೊಳ್ಳುವುದರಿಂದ ಏರಿಳಿತ ಹತೋಟಿಯಲ್ಲಿರುತ್ತದೆ.

ಕೋಶದೊಳಗೊಂದು ಸುತ್ತು

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡ ಪುಟ್ಟ ಗೂಡುಗಳಿಗೆ ಕೋಣೆ ಎಂಬರ್ಥದ ಹೆಸರಿಟ್ಟರು. ಅವರು ನೋಡಿದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ಸಸ್ಯಗಳೂ ಪ್ರಾಣಿಗಳೂ ಕೋಶಗಳಿಂದಲೇ ಆಗಿವೆ ಎಂಬ ಸಿದ್ಧಾಂತವನ್ನು 1838 ಮತ್ತು 1839ರಲ್ಲಿ ಶ್ಲೈಡನ್ ಹಾಗೂ ಶ್ವಾನ್ ಮಂಡಿಸಿದರು. ಕೋಶ ಹುಟ್ಟುವುದು ಇನ್ನೊಂದು ಕೋಶದಿಂದಲೇ ಎಂಬ ಮಾತನ್ನು 1855ರಲ್ಲಿ ವಿರ್ಚೋ ಪ್ರಚಾರಕ್ಕೆ ತಂದರು.

ಕಣದಂಗಗಳ, ಅಂದರೆ ಕೋಶದೊಳಗಿನ ಪುಟ್ಟ ಅಂಗಗಳ, ಪಟ್ಟಿಯನ್ನು ಇಲ್ಲಿ ಬೇಗ ಮುಗಿಸಬಹುದು. ಕೋಶಕೇಂದ್ರದಲ್ಲಿ ಡಿಎನ್‌ಎ ಇದೆ. ರೈಬೋಸೋಮ್‌ಗಳು ಪ್ರೋಟೀನುಗಳನ್ನು ಕಟ್ಟುತ್ತವೆ, ಗಾಲ್ಗಿ ಸಂಕೀರ್ಣ ಅವನ್ನು ವಿಂಗಡಿಸಿ ಕಳುಹಿಸುತ್ತದೆ, ಲೈಸೋಸೋಮ್ ಬೇಡದ್ದನ್ನು ಜೀರ್ಣಿಸುತ್ತದೆ, ಮೈಟೊಕಾಂಡ್ರಿಯ ಬಳಸಬಲ್ಲ ರೂಪದಲ್ಲಿ ಶಕ್ತಿ ಒದಗಿಸುತ್ತದೆ. ಸಸ್ಯಕೋಶಕ್ಕೆ ಪೊರೆಯ ಹೊರಗೆ ಸೆಲ್ಯುಲೋಸಿನ ಗೋಡೆಯೂ, ಹಸಿರು ಭಾಗಗಳಲ್ಲಿ ಕ್ಲೋರೋಪ್ಲಾಸ್ಟ್‌ಗಳೂ ಇರುತ್ತವೆ. ಬ್ಯಾಕ್ಟೀರಿಯಗಳಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿಲ್ಲ. ಮನುಷ್ಯನ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೊಕಾಂಡ್ರಿಯವೂ ಇಲ್ಲ. ಇದು ಮುಂದೆ ಬೇಕಾಗುತ್ತದೆ.

ಕೋಶಗಳು ಚಿಕ್ಕವಾಗಿರುವುದಕ್ಕೆ ಲೆಕ್ಕದ ಕಾರಣವೊಂದಿದೆ. 1 ಸೆಂಟಿಮೀಟರ್ ಬದಿಯ ಘನಕ್ಕೆ 6 ಚದರ ಸೆಂಟಿಮೀಟರ್ ಮೇಲ್ಮೈ, 1 ಘನ ಸೆಂಟಿಮೀಟರ್ ಗಾತ್ರ. ಬದಿಯನ್ನು 10 ಸೆಂಟಿಮೀಟರಿಗೆ ಏರಿಸಿದರೆ ಮೇಲ್ಮೈ 600 ಆಗುತ್ತದೆ, ಗಾತ್ರ 1000 ಆಗುತ್ತದೆ. ಒಳಬರುವ ಬಾಗಿಲುಗಳು ನೂರು ಪಟ್ಟು ಹೆಚ್ಚಿದರೆ ಒಳಗಿನ ಬೇಡಿಕೆ ಸಾವಿರ ಪಟ್ಟು ಹೆಚ್ಚುತ್ತದೆ. ಕೋಶ ಬೆಳೆಯುತ್ತಲೇ ಹೋಗದೆ ಒಂದು ಹಂತದಲ್ಲಿ ವಿಭಜನೆಗೊಳ್ಳಲು ಇದೂ ಒಂದು ಕಾರಣ.

ಪೊರೆ ತಾನಾಗಿಯೇ ಹೆಣೆದುಕೊಳ್ಳುವುದು

ಕೋಶಪೊರೆ ಮುಖ್ಯವಾಗಿ ಫಾಸ್ಫೊಲಿಪಿಡ್ ಎಂಬ ಅಣುಗಳಿಂದಾಗಿದೆ. ಈ ಅಣುವಿನ ತಲೆಯಲ್ಲಿ ಆವೇಶವುಳ್ಳ ಫಾಸ್ಫೇಟ್ ಗುಂಪಿದೆ. ಬಾಲವಾಗಿ ಎರಡು ಉದ್ದನೆಯ ಕಾರ್ಬನ್ ಸರಪಳಿಗಳಿವೆ. ತಲೆ ನೀರಿಗೆ ಒಗ್ಗುತ್ತದೆ, ಬಾಲ ಎಣ್ಣೆಯಂತೆ ವರ್ತಿಸುತ್ತದೆ. ಇಂತಹ ಅಣುಗಳನ್ನು ನೀರಿನಲ್ಲಿ ಬಿಟ್ಟರೆ ತಲೆಗಳು ನೀರಿನ ಕಡೆಗೆ, ಬಾಲಗಳು ಒಂದರ ಕಡೆಗೊಂದು ಮುಖಮಾಡಿ, ಎರಡು ಪದರಗಳ ಹಾಳೆಯಾಗಿ ಜೋಡಣೆಗೊಳ್ಳುತ್ತವೆ. ಯಾರೂ ಹೊಲಿಯಬೇಕಾಗಿಲ್ಲ, ನೀರಿನ ಅಣುಗಳ ಪರಸ್ಪರ ಸೆಳೆತವೇ ಬಾಲಗಳನ್ನು ಒಳಕ್ಕೆ ತಳ್ಳುತ್ತದೆ. ಈ ಹಾಳೆಯಲ್ಲಿ ಪ್ರೋಟೀನುಗಳು ಅಲ್ಲಲ್ಲಿ ತೇಲುತ್ತಿರುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಮುಂದಿಟ್ಟರು.

ಪೊರೆಯನ್ನು ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬ ಕೋಷ್ಟಕವನ್ನು ಇನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಆಮ್ಲಜನಕ, ಇಂಗಾಲದ ಡೈಆಕ್ಸೈಡುಗಳು ಚಿಕ್ಕವು, ಆವೇಶರಹಿತವಾದವು. ನಡುವಿನ ಎಣ್ಣೆಯ ಪದರವನ್ನು ನುಸುಳಿಕೊಂಡು ಹೋಗುತ್ತವೆ. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಗಾತ್ರದಲ್ಲಿ ಸಣ್ಣವಾದರೂ ಆವೇಶ ಹೊತ್ತು ನೀರಿನ ಅಣುಗಳಿಂದ ಸುತ್ತುವರಿದಿರುವುದರಿಂದ ಅವುಗಳಿಗೆ ಅಲ್ಲಿ ದಾರಿಯಿಲ್ಲ. ಪ್ರೋಟೀನಿನಿಂದಾದ ಕಾಲುವೆಯೋ ಪಂಪೋ ಇದ್ದರೆ ಮಾತ್ರ ಅವು ಆಚೀಚೆ ಹೋಗಬಲ್ಲವು.

ಅಭಿಸರಣೆಯ ದಿಕ್ಕು

ಕಣಗಳು ದಟ್ಟವಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಹರಡುವುದು ವಿಸರಣೆ. ಕರಗಿದ ವಸ್ತುವನ್ನು ತಡೆದು ನೀರನ್ನು ಮಾತ್ರ ಬಿಡುವ ಪೊರೆಯ ಮೂಲಕ ನೀರು ಹರಿಯುವುದು ಅಭಿಸರಣೆ. ದಿಕ್ಕು ಗೊಂದಲಕ್ಕೆ ಎಡೆಮಾಡುತ್ತದೆ: ಕರಗಿದ ಕಣಗಳು ಹೆಚ್ಚಿರುವ ಕಡೆಗೆ ನೀರು ಹೋಗುತ್ತದೆ. ಕೆಂಪು ರಕ್ತಕಣವನ್ನು ಶುದ್ಧ ನೀರಿನಲ್ಲಿಟ್ಟರೆ ನೀರು ಒಳನುಗ್ಗಿ ಅದು ಉಬ್ಬಿ ಒಡೆಯುತ್ತದೆ. ಗಾಢವಾದ ಉಪ್ಪುನೀರಿನಲ್ಲಿಟ್ಟರೆ ನೀರು ಹೊರಹೋಗಿ ಅದು ಮುದುಡುತ್ತದೆ. ಸಸ್ಯಕೋಶ ಶುದ್ಧ ನೀರಿನಲ್ಲಿ ಒಡೆಯುವುದಿಲ್ಲ, ಏಕೆಂದರೆ ಅದರ ಗೋಡೆ ಒತ್ತಡವನ್ನು ತಾಳಿಕೊಳ್ಳುತ್ತದೆ.

ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ಸಲೈನ್ ದ್ರಾವಣದಲ್ಲಿ ಶೇಕಡ 0.9ರಷ್ಟು ಉಪ್ಪು, ಅಂದರೆ ಲೀಟರಿಗೆ 9 ಗ್ರಾಂ ಇರುತ್ತದೆ. ಉಪ್ಪಿನ ಸೂತ್ರರಾಶಿ 58.5, ಭಾಗಿಸಿದರೆ 154 ಮಿಲಿಮೋಲ್ ಬರುತ್ತದೆ. ಕರಗಿದಾಗ ಸೋಡಿಯಂ, ಕ್ಲೋರೈಡ್ ಬೇರೆಯಾಗುವುದರಿಂದ ಕಣಗಳ ಲೆಕ್ಕ ಎರಡರಷ್ಟು, 308 ಆಗುತ್ತದೆ. ರಕ್ತದ ದ್ರವಭಾಗದಲ್ಲಿಯೂ ಕರಗಿದ ಕಣಗಳ ಒಟ್ಟು ಲೆಕ್ಕ ಸುಮಾರು 300ರ ಆಸುಪಾಸಿನಲ್ಲಿದೆ. ಹೀಗಾಗಿ ರಕ್ತಕಣ ಉಬ್ಬುವುದೂ ಇಲ್ಲ, ಮುದುಡುವುದೂ ಇಲ್ಲ.

ಡಿಎನ್‌ಎ ಮತ್ತು ಪ್ರೋಟೀನು

ಹೈಡ್ರೋಜನ್ ಬಂಧ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಡಿಎನ್‌ಎಯ ಎರಡು ಎಳೆಗಳಲ್ಲಿ ಅಡಿನೀನ್ ಎದುರು ಥೈಮಿನ್ ಇದ್ದು ನಡುವೆ ಎರಡು ಹೈಡ್ರೋಜನ್ ಬಂಧಗಳಿವೆ; ಗ್ವಾನಿನ್ ಎದುರು ಸೈಟೋಸಿನ್ ಇದ್ದು ಮೂರು ಬಂಧಗಳಿವೆ. ಪ್ರತಿ ಎಳೆಯ ಉದ್ದಕ್ಕೂ ಇರುವ ಸಹವೇಲೆನ್ಸಿಯ ಬಂಧಗಳು ಗಟ್ಟಿ, ಎರಡು ಎಳೆಗಳನ್ನು ಕೂಡಿಸುವ ಬಂಧಗಳು ಸಡಿಲ. ಜಿಪ್ಪಿನ ಪಟ್ಟಿ ಹರಿಯದೆ ಹಲ್ಲುಗಳು ಮಾತ್ರ ಬಿಚ್ಚಿಕೊಳ್ಳುವ ಹಾಗೆ, ನಕಲು ತೆಗೆಯುವಾಗ ಎಳೆಗಳು ತುಂಡಾಗದೆ ಬೇರ್ಪಡುತ್ತವೆ. ಡಿಎನ್‌ಎಯಲ್ಲಿರುವ ಸೂಚನೆ ಆರ್‌ಎನ್‌ಎಗೆ ನಕಲಾಗಿ, ರೈಬೋಸೋಮ್‌ನಲ್ಲಿ ಮೂರು ಮೂರು ಅಕ್ಷರಗಳಾಗಿ ಓದಲ್ಪಟ್ಟು, 20 ಬಗೆಯ ಅಮೈನೋ ಆಮ್ಲಗಳ ಸರಪಳಿಯಾಗುತ್ತದೆ. ಆ ಸರಪಳಿ ನೀರಿನಲ್ಲಿ ಮಡಚಿಕೊಳ್ಳುವಾಗ ಎಣ್ಣೆಯ ಸ್ವಭಾವದ ಭಾಗಗಳು ಒಳಕ್ಕೆ ಸರಿಯುತ್ತವೆ, ಆವೇಶವುಳ್ಳವು ಹೊರಗುಳಿಯುತ್ತವೆ. ಹೀಗೆ ಮಡಚಿಕೊಂಡ ಪ್ರೋಟೀನುಗಳಲ್ಲಿ ಕೆಲವು ಕಿಣ್ವಗಳು. ಅವು ಕ್ರಿಯೆಗೆ ದಾಟಬೇಕಾದ ಶಕ್ತಿಯ ದಿಣ್ಣೆಯನ್ನು ತಗ್ಗಿಸಿ ವೇಗ ಹೆಚ್ಚಿಸುತ್ತವೆ, ಆದರೆ ತಾವು ಖರ್ಚಾಗುವುದಿಲ್ಲ.

ಶಕ್ತಿಯ ಲೆಕ್ಕ

ಒಂದು ಗ್ಲೂಕೋಸ್ ಅಣುವಿನಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳಿವೆ. ಅದು 6 ಆಮ್ಲಜನಕದ ಅಣುಗಳೊಡನೆ ವರ್ತಿಸಿ 6 ಇಂಗಾಲದ ಡೈಆಕ್ಸೈಡ್ ಮತ್ತು 6 ನೀರಿನ ಅಣುಗಳನ್ನು ಕೊಡುತ್ತದೆ. ಸಮೀಕರಣ ಸರಿದೂಗಿದೆಯೇ ಎಂದು ತೂಕದಿಂದಲೂ ಪರೀಕ್ಷಿಸಬಹುದು: 180 ಗ್ರಾಂ ಗ್ಲೂಕೋಸ್ ಮತ್ತು 192 ಗ್ರಾಂ ಆಮ್ಲಜನಕ ಸೇರಿ 372, 264 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 108 ಗ್ರಾಂ ನೀರು ಸೇರಿಯೂ 372. ಇದೇ ಕೋಶೀಯ ಉಸಿರಾಟ. ಮೂಗಿನಿಂದ ಗಾಳಿ ಎಳೆದುಕೊಳ್ಳುವುದು ಇದಕ್ಕೆ ಬೇಕಾದ ಆಮ್ಲಜನಕವನ್ನು ಒದಗಿಸುವ ಕೆಲಸ ಮಾತ್ರ. ಸಸ್ಯಗಳೂ ಹಗಲು ರಾತ್ರಿ ಈ ಕ್ರಿಯೆಯನ್ನು ನಡೆಸುತ್ತವೆ.

ಗ್ಲೂಕೋಸಿನಿಂದ ಬರುವ ಶಕ್ತಿಯಲ್ಲಿ ಒಂದು ಭಾಗ ಎಟಿಪಿ ಎಂಬ ಅಣುವಿನ ರೂಪ ಪಡೆಯುತ್ತದೆ. ಹಳೆಯ ಪಠ್ಯಗಳಲ್ಲಿ ಒಂದು ಗ್ಲೂಕೋಸಿಗೆ 36 ಅಥವಾ 38 ಎಟಿಪಿ ಎಂದಿದೆ. ಈಗ ಒಪ್ಪಿತವಾಗಿರುವ ಲೆಕ್ಕ ಸುಮಾರು 30ರಿಂದ 32. ‘ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ’ ಎಂಬ ಪಠ್ಯದ ಮಾತೂ ದಾರಿತಪ್ಪಿಸುವಂಥದ್ದು. ಯಾವುದೇ ಬಂಧವನ್ನು ಮುರಿಯಲು ಶಕ್ತಿ ಬೇಕು. ಎಟಿಪಿ ನೀರಿನೊಡನೆ ವರ್ತಿಸಿ ಎಡಿಪಿ ಮತ್ತು ಫಾಸ್ಫೇಟ್ ಆಗುವಾಗ ಹೊಸದಾಗಿ ಏರ್ಪಡುವ ಬಂಧಗಳೂ ಸೆಳೆತಗಳೂ ಹಳೆಯವಕ್ಕಿಂತ ಸ್ಥಿರವಾದ್ದರಿಂದ, ಒಟ್ಟು ಲೆಕ್ಕದಲ್ಲಿ ಶಕ್ತಿ ಮಿಗುತ್ತದೆ.

ಕೆಂಪು ರಕ್ತಕಣದಲ್ಲಿ ಮೈಟೊಕಾಂಡ್ರಿಯ ಇಲ್ಲದಿರುವುದರಿಂದ ಅದು ಗ್ಲೂಕೋಸನ್ನು ಅರೆಬರೆಯಾಗಿ ಒಡೆದು, ಅಣುವೊಂದಕ್ಕೆ ನಿವ್ವಳ 2 ಎಟಿಪಿ ಮಾತ್ರ ಪಡೆಯುತ್ತದೆ. ಆಮ್ಲಜನಕವನ್ನು ಹೊತ್ತು ತಿರುಗುವ ಕೋಶ ಅದನ್ನು ತನ್ನ ಶಕ್ತಿಗಾಗಿ ಬಳಸಿಕೊಳ್ಳುವುದಿಲ್ಲ.

ವರದಿಯ ಟಿಪ್ಪಣಿಗೆ ಮರಳಿ

ಕೋಶ ತನ್ನ ಎಟಿಪಿಯ ದೊಡ್ಡ ಪಾಲನ್ನು ಖರ್ಚು ಮಾಡುವುದು ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪಿಗೆ. 1957ರಲ್ಲಿ ಇದನ್ನು ಗುರುತಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಗಮನಿಸಬೇಕಾದದ್ದೆಂದರೆ, ಅದು ಸಂದದ್ದು ರಸಾಯನಶಾಸ್ತ್ರದ ವಿಭಾಗದಲ್ಲಿ. ಈ ಪಂಪು ಒಂದು ಎಟಿಪಿಗೆ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಕೆಂಪು ರಕ್ತಕಣದೊಳಗಿನ ಪೊಟ್ಯಾಸಿಯಂ ಸಾಂದ್ರತೆ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು, ಲೀಟರಿಗೆ ಸುಮಾರು 100 ಮಿಲಿಮೋಲ್.

ಮಾದರಿಯಲ್ಲಿ ಕೆಲವು ಕಣಗಳು ಒಡೆದು, ಅಳೆಯುವ ದ್ರವದ ನೂರು ಪಾಲಿನಲ್ಲಿ ಒಂದು ಪಾಲು ಕಣದೊಳಗಿನ ದ್ರವ ಬೆರೆಯಿತು ಎಂದುಕೊಳ್ಳೋಣ. ಮೊದಲು 4 ಇದ್ದ ಪೊಟ್ಯಾಸಿಯಂ ಸುಮಾರು 5ಕ್ಕೆ ಏರುತ್ತದೆ, ಅಂದರೆ ಕಾಲುಭಾಗದಷ್ಟು ಹೆಚ್ಚಾಗಿ ಸಾಮಾನ್ಯ ಮಿತಿಯ ಅಂಚಿಗೆ ಬರುತ್ತದೆ. ಅದೇ ಬೆರಕೆಯಿಂದ 140 ಇದ್ದ ಸೋಡಿಯಂ 139ರ ಹತ್ತಿರಕ್ಕೆ ಇಳಿಯುತ್ತದೆ, ಅದನ್ನು ಯಾರೂ ಗಮನಿಸುವುದೂ ಇಲ್ಲ. ರಕ್ತಕಣಗಳನ್ನು ಬೇರ್ಪಡಿಸದೆ ಮಾದರಿಯನ್ನು ಬಹಳ ಹೊತ್ತು ಶೀತದಲ್ಲಿಟ್ಟರೆ ಕಣಗಳು ಒಡೆಯದೆಯೂ ಪೊಟ್ಯಾಸಿಯಂ ಏರುತ್ತದೆ: ಚಳಿಗೆ ಪಂಪು ನಿಧಾನವಾಗುತ್ತದೆ, ಒಳಗಿನ ಪೊಟ್ಯಾಸಿಯಂ ಕಾಲುವೆಗಳ ಮೂಲಕ ಮೆಲ್ಲಗೆ ಹೊರಕ್ಕೆ ಸೋರಿಹೋಗುತ್ತದೆ.